ಮಂದಗತಿಯ ಮೌಲ್ಯ

ಸಣ್ಣ ಜೀಪುಗಳನ್ನು ದುರ್ಗಮವಾದ ದಾರಿಗಳಿಗೆಂದು ಸಜ್ಜುಗೊಳಿಸುವವರು ಕೈಗೊಳ್ಳುವ ಮಾರ್ಪಾಟುಗಳಲ್ಲಿ ಹೆಚ್ಚಿನವು ನೋಡುವವರ ಕಣ್ಣಿಗೆ ಬೀಳತಕ್ಕವು. ಎತ್ತರಿಸಿದ ಸ್ಪ್ರಿಂಗು, ಅಗಲವಾದ ಟೈರು, ಮುಂದಿನ ಬಂಪರಿನ ಮೇಲೆ ವಿಂಚು, ಇವೆಲ್ಲ ಗಾಡಿಯ ಯೋಗ್ಯತೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಯಜಮಾನನ ಉತ್ಸಾಹವನ್ನು ಸಾರುತ್ತವೆ. ಗಾಡಿಯ ಅಡಿಯಲ್ಲಿ, ಎಣ್ಣೆ ಕೆಸರುಗಳ ಮರೆಯಲ್ಲಿ ನಡೆದುಹೋಗುವುದರಿಂದ ಯಾರ ಹೊಗಳಿಕೆಗೂ ಪಾತ್ರವಾಗದ ಮಾರ್ಪಾಟು ಒಂದುಂಟು: ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಕಳಚಿ, ಅದನ್ನೇ ಬದಲಿಸಿಯೋ ಅದರೊಳಗಿನ ಗೇರುಗಳನ್ನು ಬದಲಿಸಿಯೋ, ಚಕ್ರಗಳ ಓಟವನ್ನು ಇನ್ನಷ್ಟು ತಗ್ಗಿಸುವ ಪದ್ಧತಿ. ಇದನ್ನು ಬಲ್ಲವರು ಮೆಚ್ಚುತ್ತಾರೆ. ಹಾಗೆ ಮಾಡುವುದರಿಂದ ಗಾಡಿಗೆ ಬಲ ಬರುತ್ತದೆಂದು ಕಾರಣವನ್ನೂ ಕೊಡುತ್ತಾರೆ. ಮೆಚ್ಚುಗೆ ಯುಕ್ತವಾದದ್ದು, ಕಾರಣ ಮಾತ್ರ ಸರಿಯಾದದ್ದಲ್ಲವೆಂಬುದು ನನ್ನ ಅಭಿಪ್ರಾಯ.

ಈ ವಿಚಾರಕ್ಕೆ ಸುಜುಕಿಯ ಪುಟ್ಟ ಜೀಪಿಗಿಂತ ಉತ್ತಮವಾದ ನಿದರ್ಶನ ಸಿಗಲಾರದು. 1970ರಲ್ಲಿ 359 ಸಿ.ಸಿ. ಎಂಜಿನ್ನಿನೊಡನೆ ಜಪಾನಿನಲ್ಲಿ ಆರಂಭವಾದ ಈ ವಂಶದಲ್ಲಿ ಎಸ್‌ಜೆ 410 ಎಂಬುದು ಎಂಬತ್ತರ ದಶಕದ ಮೊದಲಲ್ಲಿ ಹುಟ್ಟಿತು; ಅದರ ತಮ್ಮನಾದ 413 ಎಂಬುದು 1985ರಲ್ಲಿ ಸಮುರಾಯ್ ಎಂಬ ಹೆಸರಿನಿಂದ ಅಮೆರಿಕೆಗೆ ಹೋಗಿ 1995ರ ತನಕ ಅಲ್ಲಿ ಮಾರಾಟವಾಯಿತು. ಅದೇ 1985ರ ಕೊನೆಯಲ್ಲಿ 410ರ ಉದ್ದನೆಯ ರೂಪವು ಮಾರುತಿ ಜಿಪ್ಸಿಯೆಂದು ನಮ್ಮ ದೇಶಕ್ಕೆ ಬಂದು, 1996ರಲ್ಲಿ 1.3 ಲೀಟರಿನ ಎಂಜಿನ್ ಪಡೆದು ಜಿಪ್ಸಿ ಕಿಂಗ್ ಆಗಿ, ಸೈನ್ಯದಲ್ಲಿಯೂ ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿಯೂ ನೆಲೆಯೂರಿತು. ಹಗುರವಾದ ಮೈ, ಗಟ್ಟಿಯಾದ ಆಕ್ಸಲ್, ಅಲ್ಪವಾದ ಎಂಜಿನ್: ಈ ಮೂರು ಲಕ್ಷಣಗಳು ಎಲ್ಲ ಸೋದರರಿಗೂ ಸಾಮಾನ್ಯ.

ಇವುಗಳ ಇನ್ನೊಂದು ಲಕ್ಷಣವೇ ನಮ್ಮ ವಿಷಯಕ್ಕೆ ಮೂಲ. ದೊಡ್ಡ ಜೀಪುಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸು ಇಲ್ಲಿ ಅದರಿಂದ ಬೇರೆಯಾಗಿ, ಮೂರು ರಬ್ಬರ್ ಮೌಂಟುಗಳ ಆಧಾರದಿಂದ ಚಾಸಿಗೆ ತೂಗಿಕೊಂಡಿದ್ದು, ಒಂದು ಗಿಡ್ಡ ಶಾಫ್ಟಿನ ಮೂಲಕ ಶಕ್ತಿಯನ್ನು ಪಡೆಯುತ್ತದೆ. ಹೆದ್ದಾರಿಯ ಓಟಕ್ಕಿರುವ ಹೈ ರೇಂಜಿನಲ್ಲಿಯೂ ಶಕ್ತಿಯು ನೇರವಾಗಿ ಹಾದುಹೋಗದೆ ಗೇರುಗಳನ್ನು ದಾಟಿಯೇ ಹೋಗಬೇಕು; ಜಿಪ್ಸಿಯಲ್ಲಿ ಕುಳಿತವರಿಗೆಲ್ಲ ಪರಿಚಿತವಾದ ಆ ಗುಂಯ್‌ಗುಡುವಿಕೆಗೆ ಇದೂ ಒಂದು ಕಾರಣ. ಕೇಸು ಹೀಗೆ ಬೇರೆಯಾಗಿರುವುದರಿಂದ ಎಂಜಿನ್ನನ್ನಾಗಲಿ ಗೇರ್‌ಬಾಕ್ಸನ್ನಾಗಲಿ ಮುಟ್ಟದೆ, ಶಾಫ್ಟುಗಳ ಬೋಲ್ಟುಗಳನ್ನೂ ಮೂರು ಮೌಂಟುಗಳನ್ನೂ ಸಡಿಲಿಸಿ, ಕೇಸನ್ನು ಕೆಳಕ್ಕಿಳಿಸಿ ಮೇಜಿನ ಮೇಲಿಟ್ಟು ಬಿಚ್ಚುವುದು ಸಾಧ್ಯವಾಗುತ್ತದೆ. ನಿರ್ಮಾತೃವು ಇಂಥ ಸೌಲಭ್ಯವನ್ನು ಉದ್ದೇಶಪೂರ್ವಕವಾಗಿ ಒದಗಿಸಿದನೋ ಇಲ್ಲವೋ, ಒದಗಿದ್ದಂತೂ ನಿಜ.

ಇನ್ನು ಬಲದ ಮಾತು. ಸಮುರಾಯಿಯ ಮೊದಲನೆಯ ಗೇರಿನ ಅನುಪಾತ 3.652, ಟ್ರಾನ್ಸ್‌ಫರ್ ಕೇಸಿನ ನಿಧಾನದ ಓಟಕ್ಕಿರುವ ಲೋ ರೇಂಜ್ 2.268, ಆಕ್ಸಲಿನ ಕ್ರೌನ್-ಪಿನಿಯನ್ 3.727. ಮೂರನ್ನೂ ಗುಣಿಸಿದರೆ ಎಂಜಿನ್ ಸುಮಾರು 31 ಸುತ್ತು ತಿರುಗುವಷ್ಟರಲ್ಲಿ ಚಕ್ರ ಒಂದು ಸುತ್ತು ತಿರುಗುತ್ತದೆ. ಎಂಜಿನ್ನು ತನ್ನ ಅತ್ಯುಚ್ಚ ಟಾರ್ಕಾದ ಸುಮಾರು 100 ನ್ಯೂಟನ್ ಮೀಟರನ್ನು ಕೊಡುತ್ತಿರುವಾಗ, ಘರ್ಷಣೆಯ ನಷ್ಟವನ್ನು ಎಣಿಸದೆ ಲೆಕ್ಕ ಹಾಕಿದರೆ, ಚಕ್ರಗಳು ನೆಲವನ್ನು ಹಿಂದಕ್ಕೆ ತಳ್ಳುವ ಬಲವು 900 ಕಿಲೋ ತೂಕಕ್ಕೂ ಮೀರಿ, ಬಹುಮಟ್ಟಿಗೆ ಗಾಡಿಯ ಸ್ವಂತ ತೂಕಕ್ಕೇ ಸಮನಾಗುತ್ತದೆ. ಯಾವ ಕಲ್ಲಿನ ಮೇಲೂ ಯಾವ ಮಣ್ಣಿನ ಮೇಲೂ ಸಾಮಾನ್ಯ ಟೈರು ಇಷ್ಟು ಹಿಡಿತವನ್ನು ಕೊಡಲಾರದು. ಬಲವು ತೀರುವುದಕ್ಕೆ ಮೊದಲೇ ಹಿಡಿತ ತೀರಿ ಚಕ್ರ ಜಾರುತ್ತದೆ. ಆದುದರಿಂದ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಈ ಗಾಡಿಗೆ ಬಲದ ಕೊರತೆಯಿಲ್ಲ. ಕೊರತೆಯಿರುವುದು ಆ ಬಲವನ್ನು ಪಡೆಯಬೇಕಾದರೆ ಎಂಜಿನ್ನನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತಿಗೂ ಮೇಲೆ ಓಡಿಸಬೇಕಾಗಿರುವುದರಲ್ಲಿ.

ಎಂಜಿನ್ನು ನಿಮಿಷಕ್ಕೆ 800 ಸುತ್ತಿನಂತೆ ಸುಮ್ಮನೆ ತಿರುಗುತ್ತಿರುವಾಗ, ಮೂಲ ಟೈರಿನ ಸಮುರಾಯ್ ಲೋ ಫಸ್ಟಿನಲ್ಲಿ ಗಂಟೆಗೆ 3.3 ಕಿಲೋಮೀಟರಿನಷ್ಟು ಚಲಿಸುತ್ತದೆ. ತೋಟದ ರಸ್ತೆಗೆ ಇದು ಸಾಕಷ್ಟು ನಿಧಾನ. ಮೊಣಕಾಲೆತ್ತರದ ಬಂಡೆಯ ಅಂಚಿಗೆ ಮುಂದಿನ ಚಕ್ರವನ್ನು ತಾಗಿಸಿ ನಿಂತವನಿಗೆ ಸಾಲದು. ಆ ವೇಗದಲ್ಲಿ ಎಂಜಿನ್ ಬಂಡೆಯನ್ನೇರಲಾರದೆ ಆರಿಹೋಗುತ್ತದೆ. ಆರದಿರಲೆಂದು ಆಕ್ಸಿಲರೇಟರ್ ಒತ್ತಿ ಕ್ಲಚ್ಚನ್ನು ಅರ್ಧ ಬಿಟ್ಟರೆ ಗಾಡಿ ಬಂಡೆಯನ್ನು ಹತ್ತುವ ಬದಲು ಅದರ ಮೇಲೆ ಹಾರಿ ಬೀಳುತ್ತದೆ, ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬುತ್ತದೆ. ಲೋ ರೇಂಜಿನ 2.268ರ ಸ್ಥಾನದಲ್ಲಿ 4.16ರ ಗೇರುಗಳನ್ನು ಕೂರಿಸಿದಾಗ ಒಟ್ಟು ಅನುಪಾತ 56ನ್ನು ದಾಟಿ, ಅದೇ 800 ಸುತ್ತಿನಲ್ಲಿ ವೇಗವು ಗಂಟೆಗೆ 1.8 ಕಿಲೋಮೀಟರಿಗೆ ಇಳಿಯುತ್ತದೆ. ಆಗ ಚಾಲಕನು ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದು, ಟೈರು ಕಲ್ಲನ್ನು ಅಪ್ಪುವುದನ್ನೂ ಸ್ಪ್ರಿಂಗ್ ಕುಗ್ಗುವುದನ್ನೂ ಮೈಯಿಂದ ಅರಿಯುತ್ತ, ಸ್ಟೀರಿಂಗಿನ ಮೇಲೆ ಮಾತ್ರ ಗಮನವಿಡಬಹುದು. ಸಡಿಲ ಕಲ್ಲುಗಳ ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟಿದರೆ ಚಕ್ರ ಲಾಕಾಗಿ ಗಾಡಿ ಅಡ್ಡ ಜಾರುವ ಭಯವಿರುವಲ್ಲಿ, ಎಂಜಿನ್ನೇ ಅದನ್ನು ಹಿಡಿದು ಇಳಿಸುತ್ತದೆ. ಈ ಮಾರ್ಪಾಟಿನ ನಿಜವಾದ ಫಲವು ಬಲವಲ್ಲ, ಮಂದಗತಿ. ಮಂದಗತಿಯಿಂದ ಒದಗುವ ವಿವೇಚನೆಯ ಅವಕಾಶ.

ಈ ಮಾರ್ಪಾಟಿನ ಇನ್ನೊಂದು ಗುಣ, ಪಡೆದದ್ದಕ್ಕಾಗಿ ಕಳೆದುಕೊಳ್ಳುವುದು ಬಹಳವಿಲ್ಲದಿರುವುದು. 4.16ರ ಜೋಡಣೆಯಲ್ಲಿ ಲೋ ಸೆಕೆಂಡಿನ ಒಟ್ಟು ಅನುಪಾತ ಸುಮಾರು 30. ಎಂದರೆ ಹಳೆಯ ಫಸ್ಟ್ ಗೇರೇ ಹೊಸ ಸೆಕೆಂಡಾಗಿ ಉಳಿದು, ಏಣಿಯ ಕೆಳಗೆ ಇನ್ನೊಂದು ಮೆಟ್ಟಿಲನ್ನು ಸೇರಿಸಿದಂತಾಯಿತು. ಈ ಗೇರುಗಳೊಡನೆ ಹೈ ರೇಂಜು ಶೇಕಡಾ 12ರಷ್ಟು ತಗ್ಗುವುದುಂಟು. ಅದರಿಂದ ಗಂಟೆಗೆ 80 ಕಿಲೋಮೀಟರಿನ ಓಟದಲ್ಲಿ ಟಾಪ್ ಗೇರಿನ ಎಂಜಿನ್ ಸುಮಾರು 2650 ಸುತ್ತಿನ ಬದಲು 2970 ಸುತ್ತು ತಿರುಗಬೇಕಾಗುತ್ತದೆ. ಆದರೆ ಇಂಥ ಗಾಡಿಗೆ ಮೂಲದ 26 ಇಂಚಿನ ಟೈರನ್ನು ಉಳಿಸಿಕೊಳ್ಳುವವರು ವಿರಳ. 29 ಇಂಚಿನದನ್ನು ಹಾಕಿದೊಡನೆ ಹೆದ್ದಾರಿಯ ಓಟ ಹಿಂದಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಈ ದೃಷ್ಟಿಯಿಂದ ನೋಡಿದಾಗ, ಅಗ್ಗವೆಂದು ಪ್ರಸಿದ್ಧವಾದ ಇನ್ನೊಂದು ಉಪಾಯದ, ಎಂದರೆ ಹಳೆಯ 410ರ ಟ್ರಾನ್ಸ್‌ಫರ್ ಕೇಸನ್ನೇ 413ಕ್ಕೆ ಕೂರಿಸುವುದರ ಬೆಲೆ ಎಷ್ಟೆಂಬುದು ತಾನಾಗಿ ಗೊತ್ತಾಗುತ್ತದೆ. ಅದರ ಹೈ 1.580, ಲೋ 2.511, ಎರಡೂ ಶೇಕಡಾ 11-12ರಷ್ಟೇ ತಗ್ಗುತ್ತವೆ. ದೊಡ್ಡ ಟೈರಿನಿಂದಾದ ನಷ್ಟವನ್ನು ಇದು ತುಂಬಿಕೊಡುತ್ತದೆ, ಅಷ್ಟಕ್ಕೆ ನಿಲ್ಲುತ್ತದೆ. ಮಾಡಿದವರು ಬಂಡೆಯ ಮೇಲೆ ಹೊಸದೇನನ್ನೂ ಕಾಣದೆ ನಿರಾಶರಾದರೆ ತಪ್ಪು ಕೇಸಿನದಲ್ಲ, ನಿರೀಕ್ಷೆಯದು. ಆಕ್ಸಲಿನ ಕ್ರೌನ್-ಪಿನಿಯನ್ ಬದಲಿಸುವ ಮಾರ್ಗವಂತೂ ಇನ್ನೂ ಕಷ್ಟದ್ದು: ಒಂದು ಪೆಟ್ಟಿಗೆಯ ಬದಲು ಎರಡು ಡಿಫರೆನ್ಶಿಯಲ್‌ಗಳನ್ನು ಬಿಚ್ಚಬೇಕು, ಹೆದ್ದಾರಿಗೂ ಕಾಡಿಗೂ ಒಂದೇ ಪ್ರಮಾಣದಲ್ಲಿ ವೇಗ ತಗ್ಗಬೇಕು, ಪಿನಿಯನ್ ಕಿರಿದಾಗಿ ದುರ್ಬಲವಾಗಬೇಕು, ಸ್ಪೀಡೋಮೀಟರೂ ತಪ್ಪು ಹೇಳಬೇಕು. ಎಂಜಿನ್ ಬದಲಿಸುವವನಿಗೆ ನೋಂದಣಿಯ ದಾಖಲೆಗಳ ತೊಡಕು ಬೇರೆ.

ಹೀಗೆಂದು ಈ ಪದ್ಧತಿ ನಿರ್ದುಷ್ಟವೆಂದಲ್ಲ. ಗುಣಿತವಾದ ಟಾರ್ಕು ಕೇಸಿನಿಂದಾಚೆಗೆ ಎಲ್ಲವನ್ನೂ ಪರೀಕ್ಷಿಸುತ್ತದೆ. ಮೊದಲು ಸೋಲುವುದು ಸಾಮಾನ್ಯವಾಗಿ ಆ ಮೂರು ರಬ್ಬರ್ ಮೌಂಟುಗಳು; ಕೇಸು ತಿರುಚಿಕೊಂಡಂತೆ ರಬ್ಬರು ಹರಿಯುತ್ತದೆ, ಅದಕ್ಕಾಗಿಯೇ ಅನುಭವಿಗಳು ನಾಲ್ಕನೆಯ ಆಧಾರವೊಂದನ್ನು ಕೂರಿಸುತ್ತಾರೆ. ಅದಾದ ಮೇಲೆ ಮುಂದಿನ ಚಕ್ರಗಳ ಜಾಯಿಂಟಿನ ಸರದಿ: ಸ್ಟೀರಿಂಗನ್ನು ಪೂರ್ತಿ ತಿರುಗಿಸಿಟ್ಟು, ಸಿಕ್ಕಿಹಾಕಿಕೊಂಡ ಚಕ್ರದ ಮೇಲೆ ಆಕ್ಸಿಲರೇಟರ್ ಒತ್ತಿದವನು ಒಂದು ಟಕ್ಕೆಂಬ ಸದ್ದನ್ನು ಕೇಳುತ್ತಾನೆ, ಗಾಡಿ ಅಲ್ಲಿಯೇ ನಿಲ್ಲುತ್ತದೆ. ಮಂದಗತಿಗಾಗಿ ಹಾಕಿಸಿದ ಗೇರನ್ನು ಬಲಕ್ಕಾಗಿ ಬಳಸಿದ್ದರ ದಂಡ ಇದು.

ಅಮೆರಿಕದ ಮೋಆಬಿನ ಬಂಡೆಗಳಿಗೂ ಕ್ಯಾಲಿಫೋರ್ನಿಯದ ರೂಬಿಕಾನ್ ದಾರಿಗೂ ಹೊಂದುವಂತೆ 6.5ರಷ್ಟು ಆಳವಾದ ಗೇರುಗಳೂ ದೊರೆಯುತ್ತವೆ. ದೊಡ್ಡ ಟೈರುಗಳನ್ನು ಹಾಕಿ ಒಣಬಂಡೆಯ ಮೇಲೆ ಅಂಗುಲ ಅಂಗುಲವಾಗಿ ತೆವಳುವವರಿಗೆ ಅವು ಸಾರ್ಥಕವಾಗಬಹುದು. ಸಕಲೇಶಪುರದ ಮಳೆಗಾಲದ ಕೆಂಪು ಕೆಸರಿನ ಧರ್ಮವೇ ಬೇರೆ. ಅಲ್ಲಿ ಟೈರಿನ ಹಲ್ಲುಗಳು ಮಣ್ಣನ್ನು ಒದರಿಕೊಳ್ಳುವಷ್ಟು ವೇಗ ಬೇಕು. ನಿಧಾನವಾಗಿ ತಿರುಗುವ ಚಕ್ರ ಕೆಸರನ್ನು ಮೆತ್ತಿಕೊಂಡು ಉರುಟಾಗಿ, ತಾನು ತೋಡಿದ ಗುಂಡಿಯಲ್ಲಿ ತಾನೇ ಕೂರುತ್ತದೆ. 4.16ರಲ್ಲಾದರೆ ಸೆಕೆಂಡು ಥರ್ಡುಗಳಿಗೆ ಏರಿ ಆ ವೇಗವನ್ನು ಪಡೆಯಬಹುದು, 6.5ರಲ್ಲಿ ಹಳೆಯ ಫಸ್ಟಿನ ವೇಗ ಸಿಗುವುದಕ್ಕೇ ಥರ್ಡಿನ ತನಕ ಹೋಗಬೇಕು.

ಆದುದರಿಂದ ನನ್ನ ತೀರ್ಮಾನ ಇಷ್ಟು: ಹಗುರವಾದ ಗಾಡಿಗೂ ನಮ್ಮ ಮಲೆನಾಡಿನ ಕಲ್ಲು ಕೆಸರುಗಳಿಗೂ 4.16ರ ಆಸುಪಾಸಿನ ಲೋ ರೇಂಜ್ ಸಾಕು, ಅದಕ್ಕಿಂತ ಆಳವಾದದ್ದು ಅನವಶ್ಯಕ. ಟೈರನ್ನು ಮಾತ್ರ ದೊಡ್ಡದು ಮಾಡಿಕೊಂಡವರಿಗೆ ಹಳೆಯ 410ರ ಕೇಸೇ ಧಾರಾಳ. ಎರಡರಲ್ಲಿ ಯಾವುದನ್ನು ಮಾಡಿಸುವವರೂ ಮೊದಲು ಆ ಮೂರು ರಬ್ಬರ್ ಮೌಂಟುಗಳನ್ನು ಬದಲಿಸಿ, ಆಮೇಲೆ ಗೇರಿಗೆ ದುಡ್ಡು ಹಾಕಲಿ.