ಮೀಸೆ ಮಣ್ಣಾಗದ ಒಂಬತ್ತು ಸೋಲು

ನಮ್ಮ ಕ್ರೀಡಾಪುಟಗಳಿಗೆ ‘ವೀರೋಚಿತ ಸೋಲು’ ಎಂಬ ಮಾತು ಬಲು ಪ್ರಿಯ. ಸೋತವರನ್ನು ಸಂತೈಸಲು ಅದು ಸಾಕು, ಅಳೆಯಲು ಸಾಲದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ 2021ರ ತಂಡ ಇದಕ್ಕೆ ಒಳ್ಳೆಯ ಉದಾಹರಣೆ.

ಆ ವರ್ಷ ತಂಡ ಆಡಿದ್ದು 12 ಪಂದ್ಯ, ಗೆದ್ದಿದ್ದು 3. ಆದರೆ ಒಂಬತ್ತು ಸೋಲುಗಳಲ್ಲಿ ಒಂದರ ಅಂತರವೂ 9 ಅಂಕ ದಾಟಲಿಲ್ಲ. ಆ ಸಲ ತಂಡದ ಲೀಗ್ ಆದ ಬಿಗ್ ಟೆನ್‌ನ ಚಾಂಪಿಯನ್ ಆದ ಮಿಷಿಗನ್ ಎದುರು ಸೋತದ್ದು ಬರೀ 29-32ರಿಂದ. ಇಡೀ ಋತುವಿನಲ್ಲಿ ಬಿಟ್ಟುಕೊಟ್ಟದ್ದಕ್ಕಿಂತ 63 ಅಂಕ ಹೆಚ್ಚೇ ಗಳಿಸಿತ್ತು. ತಂಡ ಸುಧಾರಿಸಿದೆ, ಅದೃಷ್ಟವಷ್ಟೇ ಕೈಕೊಟ್ಟಿದೆ ಎಂದು ಹೇಳಲು ಇಷ್ಟು ಸಾಕಾಗಿತ್ತು. ಸಾಲದ್ದಕ್ಕೆ ಕೋಚ್ ಸ್ಕಾಟ್ ಫ್ರಾಸ್ಟ್ ಅದೇ ನೆಲದ ಮಗ, 1997ರಲ್ಲಿ ನೆಬ್ರಾಸ್ಕ ರಾಷ್ಟ್ರೀಯ ಚಾಂಪಿಯನ್ ಆದಾಗಿನ ಕ್ವಾರ್ಟರ್‌ಬ್ಯಾಕ್. ಅವರ ಕೆಲಸ ಉಳಿಯಿತು.

ಆ 63ನ್ನು ಬಿಡಿಸಿ ನೋಡಬೇಕು. ಫೋರ್ಡಮ್, ಬಫಲೊ, ನಾರ್ತ್‌ವೆಸ್ಟರ್ನ್ ವಿರುದ್ಧದ ಮೂರು ಗೆಲುವುಗಳೇ 119 ಅಂಕಗಳ ಮುನ್ನಡೆ ತಂದಿದ್ದವು. ಫೋರ್ಡಮ್ ಅಂತೂ ಕೆಳದರ್ಜೆಯ ವಿಭಾಗದ ತಂಡ. ಉಳಿದ ಒಂಬತ್ತು ಪಂದ್ಯಗಳ ಲೆಕ್ಕ 56 ಅಂಕಗಳ ಕೊರತೆ. ಗೆಲುವು-ಸೋಲಿನ ಪಟ್ಟಿ ಪೂರ್ತಿ ಕಥೆ ಹೇಳುವುದಿಲ್ಲ, ನಿಜ. ಅದರ ಬದಲಿಗೆ ತಂದ ಲೆಕ್ಕವೂ ಹೇಳಲಿಲ್ಲ.

ನನ್ನ ದೃಷ್ಟಿಯಲ್ಲಿ ಕೇಳಬೇಕಾದದ್ದು ಎಷ್ಟರಲ್ಲಿ ಸೋತರು ಎಂದಲ್ಲ, ಎಲ್ಲಿ ಸೋತರು ಎಂದು. ಚೆಂಡು ಒದೆಯುವ, ಒದ್ದ ಚೆಂಡನ್ನು ತಡೆಯುವ ಸರದಿಗೆಂದೇ ‘ಸ್ಪೆಷಲ್ ಟೀಮ್ಸ್’ ಎಂಬ ತುಕಡಿ ಇರುತ್ತದೆ. ಒಕ್ಲಹೋಮ ವಿರುದ್ಧ ಟಚ್‌ಡೌನ್ ನಂತರದ ಒಂದಂಕದ ಒದೆತವನ್ನು ಎದುರಾಳಿ ತಡೆದು, ಚೆಂಡನ್ನು ಇನ್ನೊಂದು ತುದಿಗೆ ಒಯ್ದು 2 ಅಂಕ ಪಡೆಯಿತು. ಮಿಷಿಗನ್ ಸ್ಟೇಟ್ ಎದುರು 20-13ರಿಂದ ಮುಂದಿದ್ದಾಗ ನೆಬ್ರಾಸ್ಕದ ಪಂಟ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವ ದೂರದ ಒದೆತ) ಬಿದ್ದದ್ದು ಕಾವಲೇ ಇಲ್ಲದ ಕಡೆಗೆ. ಅದು ಟಚ್‌ಡೌನ್ ಆಯಿತು, ಪಂದ್ಯ ಹೆಚ್ಚುವರಿ ಅವಧಿಯಲ್ಲಿ ಹೋಯಿತು. ವಿಸ್ಕಾನ್ಸಿನ್ ಮೊದಲ ಕಿಕ್ಆಫ್‌ನಲ್ಲೇ 91 ಗಜ ಓಡಿ ಟಚ್‌ಡೌನ್ ಗಳಿಸಿತು. ಅಯೋವ ವಿರುದ್ಧ 21-6ರ ಮುನ್ನಡೆಯಿತ್ತು. ಎದುರಾಳಿ ತಡೆದ ಪಂಟ್ ಒಂದು ಟಚ್‌ಡೌನ್ ಆದದ್ದೇ ಆಟ ತಿರುಗಿತು. ಕೊನೆಗೆ 21-28.

ಒಮ್ಮೆ ಆದರೆ ಗ್ರಹಚಾರ. ಒಂದೇ ತುಕಡಿ ತಿಂಗಳುಗಟ್ಟಲೆ ಎಡವಿದರೆ ಅದು ತಾಲೀಮಿನ ದೋಷ.

ಮಿಷಿಗನ್‌ನಂಥ ತಂಡವನ್ನು ಕೊನೆಯವರೆಗೂ ಕಾಡುವ ಹುಡುಗರಲ್ಲಿ ಕಸುವಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ನಾಲ್ಕು ಗೆಲುವಿನ ಕೆಟ್ಟ ತಂಡಕ್ಕಿಂತ ಮೂರು ಗೆಲುವಿನ ಈ ತಂಡ ಮೇಲೇ ಇದ್ದೀತು. ಆದರೆ ಕಸುವು ಬೇರೆ, ಪ್ರಗತಿ ಬೇರೆ. ಹೋದ ಸಲದ ತಪ್ಪು ಈ ಸಲ ಕಾಣದಿದ್ದರೆ ಅದು ಪ್ರಗತಿ.

2022ರ ಮೊದಲ ಪಂದ್ಯ ನಡೆದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಹಿಂದಿನ ವರ್ಷ 56-7ರಿಂದ ಮಣಿಸಿದ್ದ ಅದೇ ನಾರ್ತ್‌ವೆಸ್ಟರ್ನ್ ವಿರುದ್ಧ. 28-17ರಿಂದ ಮುಂದಿದ್ದಾಗ ಫ್ರಾಸ್ಟ್ ಚೆಂಡನ್ನು ಹತ್ತಿರಕ್ಕೇ ಒದೆಸಿ ಮರಳಿ ಹಿಡಿಯುವ ಸಾಹಸಕ್ಕೆ ಕೈಹಾಕಿದರು. ಚೆಂಡು ಎದುರಾಳಿಯ ಪಾಲಾಯಿತು. ಪಂದ್ಯವೂ ಹೋಯಿತು, 28-31. ಮತ್ತೆ ಒದೆತ, ಮತ್ತೆ ಮೂರಂಕ. ಎರಡು ವಾರದಲ್ಲಿ ಅವರ ಕೆಲಸವೂ ಹೋಯಿತು. ಒಂದೇ ಸ್ಕೋರಿನ ಅಂತರದಲ್ಲಿ ಮುಗಿದ ಅವರ 27 ಪಂದ್ಯಗಳಲ್ಲಿ ನೆಬ್ರಾಸ್ಕ ಗೆದ್ದಿದ್ದು 5. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಹೆಚ್ಚು ಗೆಲುವು ಬರುತ್ತಿತ್ತು.