ಎಲ್ಲಿ ನಿಂತಿತು, ಅದನ್ನು ನೋಡಿ

‘ಸಿಸ್ಟಮ್ ಆನ್ ಆಗ್ತಿಲ್ಲ’ ಎಂಬ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಬಟನ್ ಒತ್ತಿದರೂ ಏನೂ ಅಲುಗದಿರುವುದು ಒಂದು. ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿಯೇ ಉಳಿಯುವುದು ಇನ್ನೊಂದು. ರಿಪೇರಿ ಅಂಗಡಿಯವರು ಇದನ್ನು ‘ನೋ ಡಿಸ್‌ಪ್ಲೇ’ ಅನ್ನುತ್ತಾರೆ. ಕಂಪನಿಯ ಲೋಗೊ ಬಂದು ಅಲ್ಲೇ ಕೂರುವುದು ಮೂರನೆಯದು. ವಿಂಡೋಸ್ ಇನ್ನೇನು ಬಂತು ಅನ್ನುವಷ್ಟರಲ್ಲಿ ರೀಸ್ಟಾರ್ಟ್ ಆಗುತ್ತಲೇ ಇರುವುದು ನಾಲ್ಕನೆಯದು. ನಾಲ್ಕಕ್ಕೂ ಊರೆಲ್ಲ ಕೊಡುವ ಸಲಹೆ ಒಂದೇ: ‘ಒಂದ್ಸಲ ಫಾರ್ಮ್ಯಾಟ್ ಹೊಡೆಸಿ’. ಪರದೆಯೇ ಬೆಳಗದ ಯಂತ್ರಕ್ಕೆ ಫಾರ್ಮ್ಯಾಟಿನಿಂದ ಆಗುವುದೇನೂ ಇಲ್ಲ, ಮನೆಯವರ ಫೋಟೊಗಳು ಹೋಗುವುದಷ್ಟೆ. ಈ ಸಲಹೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕಂಪ್ಯೂಟರ್ ಏಳುವುದಕ್ಕೆ ಒಂದು ಕ್ರಮವಿದೆ. ಮೊದಲು ಯಂತ್ರಕ್ಕೆ ಕರೆಂಟ್ ಒದಗಿಸುವ ಡಬ್ಬ, ಅಂದರೆ ಎಸ್‌ಎಂಪಿಎಸ್, ತನ್ನ ವೋಲ್ಟೇಜುಗಳನ್ನು ಸ್ಥಿರಪಡಿಸಿಕೊಂಡು, ಅರ್ಧ ಸೆಕೆಂಡಿನೊಳಗೆ ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸಬೇಕು. ಅದು ಬರುವವರೆಗೆ ಪ್ರೊಸೆಸರನ್ನು ಕೆಲಸ ಶುರುಮಾಡಲು ಬಿಡುವುದಿಲ್ಲ. ಆಮೇಲೆ ಪ್ರೊಸೆಸರ್ ಬಯಾಸ್ ಚಿಪ್ಪಿನಲ್ಲಿರುವ ಆದೇಶಗಳನ್ನು ಓದುತ್ತದೆ, ರ್‍ಯಾಮ್ ಇದೆಯೇ ಎಂದು ಪರೀಕ್ಷಿಸುತ್ತದೆ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಹುಡುಕುತ್ತದೆ, ಕೊನೆಗೆ ವಿಂಡೋಸ್ ಇರುವ ಡಿಸ್ಕಿನತ್ತ ಹೋಗುತ್ತದೆ. 1981ರಲ್ಲಿ ಐಬಿಎಂ ಪಿಸಿ ಬಂದಾಗಲೂ ಈ ಸ್ವಯಂಪರೀಕ್ಷೆ ಹೀಗೆಯೇ ನಡೆಯುತ್ತಿತ್ತು. ಎಲ್ಲ ಸರಿಯಿದ್ದರೆ ಆ ಯಂತ್ರ ಒಂದು ಗಿಡ್ಡ ಬೀಪ್ ಹೊಡೆಯುತ್ತಿತ್ತು. ನಾವು ಮಾಡಬೇಕಾದದ್ದು ಇಷ್ಟೆ: ಈ ದಾರಿಯಲ್ಲಿ ಯಂತ್ರ ಎಲ್ಲಿ ನಿಂತಿತು ಎಂದು ಗೊತ್ತುಮಾಡಿಕೊಳ್ಳುವುದು. ಸ್ಕ್ರೂಡ್ರೈವರ್ ಕೈಗೆ ಬರುವುದು ಅದಾದ ಮೇಲೆ.

ಎಲ್ಲಿ ನಿಂತೆ ಎಂದು ಹೇಳುವ ಬಾಯಿ ಯಂತ್ರಕ್ಕೇ ಇದೆ. ಈಚಿನ ಅನೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಆರದೆ ಉಳಿಯಿತೋ ಅಲ್ಲಿ ತೊಂದರೆ. ದೀಪಗಳಿಲ್ಲದ ಬೋರ್ಡಿನಲ್ಲಿ ‘ಸ್ಪೀಕರ್’ ಎಂದು ಗುರುತಿಸಿದ ನಾಲ್ಕು ಪಿನ್ನುಗಳಿದ್ದರೆ ಅಲ್ಲಿಗೆ ಬಟಾಣಿ ಗಾತ್ರದ ಬಜರ್ ಸಿಕ್ಕಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಪುಡಿಗಾಸಿಗೆ ಸಿಗುವ ವಸ್ತು ಅದು. ಅವಾರ್ಡ್ ಬಯಾಸ್ ಒಂದು ಉದ್ದ, ಎರಡು ಗಿಡ್ಡ ಬೀಪ್ ಹೊಡೆದರೆ ಗ್ರಾಫಿಕ್ಸ್ ಸಿಗಲಿಲ್ಲ ಎಂದರ್ಥ. ಬಯಾಸ್ ಬದಲಾದರೆ ಬೀಪಿನ ಲೆಕ್ಕವೂ ಬದಲಾಗುತ್ತದೆ, ಹಾಗಾಗಿ ಬೋರ್ಡಿನ ಕೈಪಿಡಿಯನ್ನು ಎಸೆಯಬೇಡಿ.

ಏನೂ ಅಲುಗದ ಯಂತ್ರದ ವಿಷಯಕ್ಕೆ ಬರೋಣ. ಗೋಡೆಯ ಸ್ವಿಚ್ಚು, ಎಕ್ಸ್‌ಟೆನ್ಶನ್ ಬೋರ್ಡು, ಎಸ್‌ಎಂಪಿಎಸ್ ಬೆನ್ನಿನ ಸ್ವಿಚ್ಚು ಇವನ್ನೆಲ್ಲ ನೋಡಿಯಾಗಿದೆ ಎಂದುಕೊಳ್ಳುತ್ತೇನೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾದರಿ ತಂದ ಮೇಲೆ ಮುಂದಿನ ಬಟನ್ ನೇರವಾಗಿ ಕರೆಂಟ್ ಹಾಯಿಸುವ ಸ್ವಿಚ್ ಆಗಿ ಉಳಿದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ ಅಷ್ಟೆ. ಯಂತ್ರ ಮಲಗಿದ್ದಾಗಲೂ ಎಸ್‌ಎಂಪಿಎಸ್ಸಿನ ನೇರಳೆ ವೈರಿನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಆ ಬಲದಲ್ಲೇ ಬೋರ್ಡು ಬಟನ್ನಿನ ಮಾತು ಕೇಳಿಸಿಕೊಂಡು ಎಸ್‌ಎಂಪಿಎಸ್ಸನ್ನು ಎಬ್ಬಿಸುತ್ತದೆ. ಹಾಗಾಗಿ ಬಟನ್ನೇ ಕೆಟ್ಟಿರುವುದೂ ಉಂಟು. ಅದರ ವೈರ್ ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಮುಟ್ಟಿಸಿದರೆ ಗೊತ್ತಾಗುತ್ತದೆ. ವೋಲ್ಟೇಜ್ ಏರುಪೇರಾದಾಗ ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಂಡು ಕೂರುವುದೂ ಇದೆ. ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಏಳುತ್ತದೆ. ಮಳೆಗಾಲದ ಗುಡುಗು ಮಿಂಚಿನ ಮಾರನೇ ದಿನ ಬೋರ್ಡ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಇದನ್ನು ಮಾಡಿ ನೋಡಲೇಬೇಕು. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಕೂಡದು. 230 ವೋಲ್ಟಿನ ಮನೆ ಕರೆಂಟು ಅದರೊಳಗೆ ಡಿಸಿ ಆದಾಗ ಸುಮಾರು 325 ವೋಲ್ಟಾಗುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ.

‘ನೋ ಡಿಸ್‌ಪ್ಲೇ’ ಬಂದಾಗ ನನ್ನ ಮೊದಲ ಅನುಮಾನ ರ್‍ಯಾಮ್ ಮೇಲೆ. ರ್‍ಯಾಮ್ ಕಡ್ಡಿಯ ಅಂಚಿನ ಹಲ್ಲುಗಳಿಗೆ ಚಿನ್ನದ ಲೇಪವಿರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯದು, ನಿಜ. ಲೇಪ ತೀರಾ ತೆಳು. ಸವೆದ ಕಡೆ ಕೆಳಗಿನ ನಿಕಲ್, ತಾಮ್ರಕ್ಕೆ ತೇವ ತಾಗುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಆಷಾಢದ ಥಂಡಿ ಎರಡೂ ಅದಕ್ಕೆ ವೈರಿಗಳೇ. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಸ್ಲಾಟಿನ ದೂಳು ಊದಿಸಿ, ಮತ್ತೆ ಕ್ಲಿಪ್ಪು ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿ. ಆ ತೆಗೆದು ಹಾಕುವ ತಿಕ್ಕಾಟವೇ ಎಷ್ಟೋ ಸಲ ಹಲ್ಲನ್ನು ಶುಚಿಮಾಡಿರುತ್ತದೆ. ರಬ್ಬರಿನಿಂದ ಉಜ್ಜುವ ರೂಢಿ ನನಗೆ ಅಷ್ಟು ಹಿಡಿಸದು, ಲೇಪವೂ ಸವೆಯುತ್ತದೆ, ರಬ್ಬರಿನ ಪುಡಿಯೂ ಉಳಿಯುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವದಲ್ಲಿ ಬಟ್ಟೆ ಅದ್ದಿ ಒರೆಸುವುದು ಮೇಲು. ಎರಡು ಕಡ್ಡಿಗಳಿದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಒಂಟಿ ಕಡ್ಡಿಯ ಜಾಗ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು.

ಡಿಡಿಆರ್5 ರ್‍ಯಾಮಿನ ಹೊಸ ಯಂತ್ರಗಳಲ್ಲಿ ಇನ್ನೊಂದು ಮಾತು. ರ್‍ಯಾಮ್ ಬದಲಿಸಿದ ಮೇಲಿನ ಮೊದಲ ಆರಂಭದಲ್ಲಿ ಬೋರ್ಡು ಅದರೊಂದಿಗೆ ತಾಳ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆಗ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ.

ಪರದೆ ಇನ್ನೂ ಕಪ್ಪಾಗಿಯೇ ಇದ್ದರೆ, ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದಾರೋ ನೋಡಿ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಸ್ವಂತ ಗ್ರಾಫಿಕ್ಸೇ ಇರದು, ಹಾಗಾಗಿ ಬೋರ್ಡಿನ ಪೋರ್ಟಿನಿಂದ ಎಂದೂ ಚಿತ್ರ ಬಾರದು.

ಲೋಗೊ ಬಂದು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಎಫ್1 ಒತ್ತಿ ಎಂದರೆ ಬೋರ್ಡಿನ ಗಡಿಯಾರ, ಬಯಾಸ್ ಸೆಟ್ಟಿಂಗ್ ಕಾಯುವ ಸಿಮಾಸ್ ಸೆಲ್ ಸತ್ತಿದೆ. ಅದು ಸಿಆರ್2032, ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪದ 3 ವೋಲ್ಟ್ ಬಿಲ್ಲೆ. ಗೋಡೆಯ ಕರೆಂಟ್ ಇರುವಾಗ ಗಡಿಯಾರ ನೇರಳೆ ವೈರಿನ ಆ 5 ವೋಲ್ಟಿನಲ್ಲೇ ನಡೆಯುತ್ತದೆ, ಮೇನ್ ಸ್ವಿಚ್ ಆರಿಸಿದಾಗ ಮಾತ್ರ ಸೆಲ್ ಸವೆಯುತ್ತದೆ. ರಾತ್ರಿ ಎಲ್ಲ ಸ್ವಿಚ್ ಆರಿಸಿ ಮಲಗುವ ನಮ್ಮ ಮನೆಗಳಲ್ಲಿ ಅದು ಬೇಗ ಮುಗಿಯುವುದು ಇದಕ್ಕೇ. ಬದಲಿಸುವ ಮೊದಲು ಒಂದು ಎಚ್ಚರ: ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇರುವ ಯಂತ್ರದಲ್ಲಿ ಬಯಾಸ್ ಸೆಟ್ಟಿಂಗ್ ಅಳಿಸಿಹೋದರೆ ವಿಂಡೋಸ್ 48 ಅಂಕೆಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಮೊದಲೇ ಫೋನಿನಲ್ಲಿ ನೋಡಿಟ್ಟುಕೊಳ್ಳಿ.

ಬೂಟ್ ದೀಪ ಆರದೆ ಉಳಿದರೆ, ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೋ ನೋಡಿ. ಕಾಣದಿದ್ದರೆ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ. ಹಳೆಯ ಹಾರ್ಡ್‌ಡಿಸ್ಕ್ ಒಂದೇ ಲಯದಲ್ಲಿ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ, ತಕ್ಷಣ ಆರಿಸಿ. ಓದುವ ಹೆಡ್ ಸೋತಿರುವ ಲಕ್ಷಣ ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಗೆ ಗೀರು ಬೀಳುವ ಅಪಾಯವಿದೆ. ಒಳಗಿರುವುದು ಬೇಕೇಬೇಕು ಎಂದಿದ್ದರೆ ಡಿಸ್ಕ್ ಬಿಚ್ಚಿ ಡೇಟಾ ರಿಕವರಿಯವರಿಗೇ ಕೊಡಿ. ಅದಕ್ಕೂ ಮೊದಲು ಯಾವ ರಿಪೇರಿ ಸಾಫ್ಟ್‌ವೇರನ್ನೂ ಅದರ ಮೇಲೆ ಓಡಿಸಲು ಯಾರಿಗೂ ಬಿಡಬೇಡಿ.