ಕೆರೆಯ ಅಂಚು ಮತ್ತು ಉಪಗ್ರಹದ ಗೆರೆ

ಕೆಂಕೆರೆಯಿಂದ ತಿಪಟೂರು, ತುರುವೇಕೆರೆವರೆಗಿನ ತೆಂಗಿನ ಸೀಮೆಯ ಯಾವುದಾದರೂ ಕೆರೆಯ ಏರಿಯ ಮೇಲೆ ನಿಂತು ನೋಡಿ. ಏರಿಯ ಬದಿಯಲ್ಲಿ ನೀರಿನ ಅಂಚು ಸ್ಪಷ್ಟ. ಎದುರು ಬದಿಯಲ್ಲಿ ನೀರು, ಕೆಸರು, ಜೊಂಡು, ತೋಟ ಒಂದರೊಳಗೊಂದು ಬೆರೆತಿರುತ್ತವೆ. ಕೆರೆ ಮುಗಿಯುವುದು ಎಲ್ಲಿ? ಇಸ್ರೋದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ಸಿದ್ಧಪಡಿಸಿದ ರಾಷ್ಟ್ರೀಯ ಜೌಗುಭೂಮಿ ಅಟ್ಲಾಸಿನ ಕರ್ನಾಟಕ ಸಂಪುಟವನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಅಟ್ಲಾಸಿನ ದೊಡ್ಡ ಗುಣವೆಂದರೆ ಅದು ಕೆರೆಯ ವಿಸ್ತಾರ, ನೀರಿನ ಹರವು, ಜಲಸಸ್ಯ, ಕದಡು ಇವುಗಳನ್ನು ಬೇರೆ ಬೇರೆ ಪದರಗಳಾಗಿ ತೋರಿಸುತ್ತದೆ. ಮಳೆಗಾಲಕ್ಕೆ ಮುಂಚೆ ಮತ್ತು ಅನಂತರ, ಎರಡೂ ಸ್ಥಿತಿಗಳನ್ನು ಕೊಡುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯೂ ಕೆರೆಯೇ ಎಂಬುದನ್ನು ಅದು ಮರೆತಿಲ್ಲ.

ತೊಡಕು ಇರುವುದು ಗೆರೆಯಲ್ಲಿ. ಬಳಸಿರುವ ಲಿಸ್-3 ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 23.5 ಮೀಟರ್ ಚೌಕ. ನಕ್ಷೆಯ ಪ್ರಮಾಣ 1:50,000. ಅದರ ಮೇಲಿನ ಅರ್ಧ ಮಿಲಿಮೀಟರ್ ಗೆರೆ ನೆಲದಲ್ಲಿ 25 ಮೀಟರ್ ಅಗಲ. ಮೂವತ್ತು ಅಡಿಗೊಂದು ಸಾಲಿನಂತೆ ಹಾಕಿದ ತೋಟದಲ್ಲಿ ಸುಮಾರು ಮೂರು ಸಾಲು ತೆಂಗು ಆ ಗೆರೆಯೊಳಗೇ ಅಡಗುತ್ತದೆ! ಕೆರೆಯಂಗಳದ ಇಳಿಜಾರು 500ಕ್ಕೆ 1 ಇದ್ದರೆ ನೀರು 10 ಸೆಂಟಿಮೀಟರ್ ಇಳಿದಾಗ ಅಂಚು 50 ಮೀಟರ್ ಹಿಂದೆ ಸರಿಯುತ್ತದೆ.

ಇನ್ನೊಂದು ಕಾರಣವೂ ಇದೆ. ನೀರು ಅವಕೆಂಪು ಕಿರಣಗಳನ್ನು ಹೀರುತ್ತದೆ, ಹಸಿರೆಲೆ ಪ್ರತಿಫಲಿಸುತ್ತದೆ. ಹಸಿರು ಮತ್ತು ಅವಕೆಂಪು ಬೆಳಕನ್ನು ಹೋಲಿಸಿ ನೀರನ್ನು ಗುರುತಿಸುವ ಸೂಚ್ಯಂಕವನ್ನು ಮ್ಯಾಕ್‌ಫೀಟರ್ಸ್ 1996ರಲ್ಲಿ ಪ್ರಕಟಿಸಿದರು. ತಿಳಿನೀರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಆದರೆ ನೀರಿನ ಮೇಲೆ ಜೊಂಡು ದಟ್ಟವಾಗಿ ಬೆಳೆದಿದ್ದರೆ ಉಪಗ್ರಹಕ್ಕೆ ಕಾಣುವುದು ಎಲೆ, ನೀರಲ್ಲ. 2015ರಲ್ಲಿ ಹಾರಿದ ಸೆಂಟಿನೆಲ್-2 ಉಪಗ್ರಹದ ಚುಕ್ಕಿ 10 ಮೀಟರಿಗೆ ಇಳಿದಿದೆ. ಜೊಂಡಿನ ಸಮಸ್ಯೆ ಇಳಿದಿಲ್ಲ.

ಹಾಗಾದರೆ ಅಟ್ಲಾಸ್ ವ್ಯರ್ಥವೇ? ಖಂಡಿತ ಅಲ್ಲ. ಜಿಲ್ಲೆಯ ಕೆರೆಗಳ ಒಟ್ಟು ಚಿತ್ರಕ್ಕೆ, ಋತುವಿನಿಂದ ಋತುವಿಗೆ ಆಗುವ ಬದಲಾವಣೆಗೆ ಅದು ಉತ್ತಮ ಆಧಾರ. ಆದರೆ ಒತ್ತುವರಿಯ ಜಗಳದಲ್ಲಿ ಯಾರಾದರೂ ಅದರ ಗೆರೆಯನ್ನು ಗಡಿಯೆಂದು ಮುಂದಿಟ್ಟರೆ ಒಪ್ಪಬೇಡಿ. ಬರಗಾಲದ ನೀರಂಚನ್ನು ಕೆರೆಯಂಚೆಂದು ಒಪ್ಪಿದರೆ ಅಂಗಳವೇ ಕೈಬಿಟ್ಟುಹೋಗುತ್ತದೆ. ಗಡಿಗೆ ಗ್ರಾಮ ನಕಾಶೆ, ಕೋಡಿಯ ಮಟ್ಟ, ನೆಲದ ಅಳತೆ ಬೇಕು.

ಶಿಕ್ಷಕರೇ, ಮಕ್ಕಳೊಡನೆ ಕೆರೆಗೆ ಹೋಗಿ ನೀರಂಚಿನಲ್ಲಿ ಒಂದು ಗೂಟ ನೆಡಿ, ದಿನಾಂಕ ಬರೆಯಿರಿ. ತಿಂಗಳ ನಂತರ ಮತ್ತೆ ಅಳೆಯಿರಿ. ಉಪಗ್ರಹದ ಗೆರೆಯನ್ನು ಎಷ್ಟು ನಂಬಬೇಕೆಂದು ಆ ಗೂಟ ಹೇಳುತ್ತದೆ.